ಹೈಸ್ಕೂಲು ಸಿಗದ ಹುಡುಗ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕಳಿಸಿ ಎಂದು ಸಮಿತಿಯವರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆ ಎಂದೇ ಅವರು ಅಂದುಕೊಂಡಿದ್ದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಇನ್ನೇನು ಬರೆದಾನು? ಆದರೆ ನಾನು ಬರೆಯಹೊರಟಿರುವುದು ಕಣ್ಣಿನ ಒಳಗಿನ ಒತ್ತಡದ ಬಗ್ಗೆ, ಒಂದು ವಿಷದ ಕಾಳಿನ ಬಗ್ಗೆ, ಮತ್ತು ಆ ಕಾಳಿನ ಗುಟ್ಟು ಬಿಡಿಸಿದ ಒಬ್ಬ ರಸಾಯನ ವಿಜ್ಞಾನಿಯ ಬಗ್ಗೆ. ಅವರ ಹೆಸರು ಪರ್ಸಿ ಜೂಲಿಯನ್. ನಮ್ಮ ಸಂತೇಬೆನ್ನೂರಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಆದರೂ ನಮ್ಮ ಶಾಲೆಯ ಸಂಚಿಕೆಯಲ್ಲಿ ಅವರಿಗೊಂದು ಜಾಗ ಇರಬೇಕು ಎಂದು ನನಗೆ ಏಕೆ ಅನ್ನಿಸಿತು ಎಂಬುದನ್ನು ಮೊದಲು ಹೇಳುತ್ತೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಅಜ್ಜಿಗೆ ಕಣ್ಣು ಮಂದವಾಗತೊಡಗಿತು. ಎದುರಿಗೆ ಕೂತವರ ಮುಖ ಚೆನ್ನಾಗಿ ಕಾಣುತ್ತಿತ್ತು. ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರು. ಆದರೆ ಪಕ್ಕದಲ್ಲಿದ್ದ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಪಕ್ಕದಿಂದ ದನ ಬಂದರೆ ಗೊತ್ತಾಗುತ್ತಿರಲಿಲ್ಲ. ಹೊಂಡದ ಮೆಟ್ಟಿಲ ಬಳಿ ಒಮ್ಮೆ ಎಡವಿ ಬಿದ್ದರು. ಮನೆಯವರೆಲ್ಲ ಇದು ಪೊರೆ ಎಂದೇ ತಿಳಿದರು. ಬೀಳಗಿಯಲ್ಲಿ ಹುಟ್ಟಿ ದೇಶದ ತುಂಬ ಕಣ್ಣಿನ ಶಿಬಿರ ನಡೆಸಿ, 1968ರಲ್ಲಿ ಪದ್ಮಭೂಷಣ ಪಡೆದ ಡಾ. ಎಂ. ಸಿ. ಮೋದಿಯವರ ಹೆಸರು ನಮ್ಮ ಮನೆಯ ಹಿರಿಯರಿಗೆಲ್ಲ ಗೊತ್ತಿತ್ತು. ಪೊರೆ ಬಲಿತ ಮೇಲೆ ತೆಗೆಸಿದರಾಯಿತು, ಕಣ್ಣು ಮತ್ತೆ ಬರುತ್ತದೆ ಎಂಬ ಧೈರ್ಯದಲ್ಲಿ ಎರಡು ವರ್ಷ ಕಳೆದೆವು. ಕೊನೆಗೆ ದಾವಣಗೆರೆಯಲ್ಲಿ ತೋರಿಸಿದಾಗ ಡಾಕ್ಟರು, ಇದು ಪೊರೆಯಲ್ಲ, ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು. ಉಳಿದಿದ್ದನ್ನು ಉಳಿಸಿಕೊಳ್ಳಲು ಹನಿ ಔಷಧ ಕೊಟ್ಟರು. ಅಜ್ಜಿ ತೀರಿಕೊಳ್ಳುವ ಹೊತ್ತಿಗೆ ನನ್ನನ್ನು ದನಿಯಿಂದಷ್ಟೇ ಗುರುತಿಸುತ್ತಿದ್ದರು.

ಎರಡನೆಯ ಸಂಗತಿ ನನ್ನದೇ. ಮೂರು ವರ್ಷದ ಹಿಂದೆ ದಿನವಿಡೀ ಪರದೆ ನೋಡಿ ಕಣ್ಣು ಕೆಂಪಾಗಿ ಕೆರೆಯತೊಡಗಿತು. ಡಾಕ್ಟರ ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ಒಂದು ಹನಿ ಔಷಧ ಕೊಂಡೆ. ಎರಡೇ ದಿನದಲ್ಲಿ ಕಣ್ಣು ತಿಳಿಯಾಯಿತು. ಅದೇ ಬಾಟಲಿಯನ್ನು ಮತ್ತೆ ಮತ್ತೆ ಕೊಂಡು ಏಳೆಂಟು ತಿಂಗಳು ಹಾಕಿಕೊಂಡೆ. ಕನ್ನಡಕದ ನಂಬರು ಬದಲಿಸಲು ಹೋದಾಗ ಕಣ್ಣಿನ ಒತ್ತಡ 30 ಇತ್ತು. ಸಾಮಾನ್ಯವಾಗಿ ಅದು 10ರಿಂದ 21 ಮಿ.ಮೀ. ಪಾದರಸದ ನಡುವೆ ಇರಬೇಕು. ಡಾಕ್ಟರು ನನ್ನ ಬಾಟಲಿ ತಿರುಗಿಸಿ ನೋಡಿ, ಇದರಲ್ಲಿ ಸ್ಟೀರಾಯ್ಡ್ ಇದೆ, ಇವತ್ತೇ ನಿಲ್ಲಿಸಿ ಎಂದರು. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇತ್ತೇ ಎಂದು ಕೇಳಿದರು. ಅಜ್ಜಿಯ ಮಾತು ಹೇಳುವಾಗ ನನ್ನ ಗಂಟಲು ಕಟ್ಟಿತು. ನನ್ನ ಪುಣ್ಯ, ಔಷಧ ನಿಲ್ಲಿಸಿದ ಕೆಲವು ವಾರಗಳಲ್ಲಿ ಒತ್ತಡ ಇಳಿಯಿತು, ನರಕ್ಕೆ ಪೆಟ್ಟಾಗಿರಲಿಲ್ಲ.

ಒಂದು ರಾಸಾಯನಿಕ ಕಣ್ಣಿನ ಒತ್ತಡ ಇಳಿಸುತ್ತದೆ, ಇನ್ನೊಂದು ಏರಿಸುತ್ತದೆ. ಇದು ಹೇಗೆ ಎಂದು ಓದುತ್ತ ಹೋದಾಗ ಎರಡು ದಾರಿಯಲ್ಲೂ ನನಗೆ ಎದುರಾದವರು ಪರ್ಸಿ ಜೂಲಿಯನ್. ಅವರ ಬದುಕನ್ನು ಓದಿದಾಗ ಕಣ್ಣಿಗಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ವಿಷಯ: ಅವರು ಹುಟ್ಟಿದ ಊರಿನಲ್ಲಿ ಅವರಿಗೆ ಹೈಸ್ಕೂಲು ಇರಲಿಲ್ಲ.

ಪರ್ಸಿ ಲಾವನ್ ಜೂಲಿಯನ್ ಹುಟ್ಟಿದ್ದು 1899ರ ಏಪ್ರಿಲ್ 11ರಂದು, ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ. ಅಜ್ಜ ಗುಲಾಮಗಿರಿಯಲ್ಲಿ ಹುಟ್ಟಿದವರು. ಅಕ್ಷರ ಕಲಿತ ತಪ್ಪಿಗೆ ಆ ಅಜ್ಜನ ಎರಡು ಬೆರಳು ಕತ್ತರಿಸಿದ್ದರು ಎಂದು ಮನೆತನದ ಕಥೆ ಹೇಳುತ್ತದೆ. ಅಂಥ ಮನೆಯಲ್ಲಿ ತಂದೆ ರೈಲ್ವೆ ಅಂಚೆ ಗುಮಾಸ್ತರಾದರು, ತಾಯಿ ಶಾಲೆಯ ಶಿಕ್ಷಕಿಯಾದರು. ಆರು ಮಕ್ಕಳಲ್ಲಿ ಪರ್ಸಿ ಹಿರಿಯ. ಕಪ್ಪು ಜನಾಂಗದ ಮಕ್ಕಳಿಗೆ ಆ ಊರಿನಲ್ಲಿ ಎಂಟನೇ ತರಗತಿಯಾಚೆಗೆ ಸರ್ಕಾರಿ ಶಾಲೆ ಇರಲಿಲ್ಲ. ಮುಂದೆ ಇದ್ದದ್ದು ಶಿಕ್ಷಕರ ತರಬೇತಿಯ ಒಂದು ಶಾಲೆ ಮಾತ್ರ. ಅಲ್ಲಿ ಸಿಕ್ಕಷ್ಟು ಕಲಿತು, 1916ರಲ್ಲಿ ಅವರು ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್ ಎಂಬ ಸಣ್ಣ ಊರಿನ ಡಿಪಾ ವಿಶ್ವವಿದ್ಯಾಲಯಕ್ಕೆ ಹೋದರು.

ಹೈಸ್ಕೂಲು ಓದದವನನ್ನು ನೇರವಾಗಿ ಕಾಲೇಜಿಗೆ ಸೇರಿಸಿಕೊಳ್ಳುವಂತಿರಲಿಲ್ಲ. ಹೀಗಾಗಿ ಹಗಲು ಕಾಲೇಜಿನ ಪಾಠ, ಅದರ ಜೊತೆಗೇ ಬಿಟ್ಟುಹೋದ ಹೈಸ್ಕೂಲಿನ ಪಾಠ. ಹಾಸ್ಟೆಲಿನಲ್ಲಿ ಅವರಿಗೆ ಜಾಗವಿಲ್ಲ. ಬಾಡಿಗೆಗೆ ಸಿಕ್ಕ ಮೊದಲ ಮನೆಯಲ್ಲಿ ಊಟ ಕೊಡಲಿಲ್ಲ. ಆಮೇಲೆ ಬಿಳಿಯ ವಿದ್ಯಾರ್ಥಿಗಳ ವಸತಿಯೊಂದರಲ್ಲಿ ಊಟ ಬಡಿಸುತ್ತ, ಒಲೆಗೆ ಇದ್ದಿಲು ಹಾಕುತ್ತ, ಅಟ್ಟದ ಮೇಲೆ ಮಲಗಿ ಓದಿದರು. 1920ರಲ್ಲಿ ಇಡೀ ತರಗತಿಗೆ ಮೊದಲಿಗರಾಗಿ ಪದವಿ ಪಡೆದರು. ಮಕ್ಕಳೆಲ್ಲ ಓದಲಿ ಎಂದು ತಂದೆತಾಯಿ ಸಂಸಾರವನ್ನೇ ಗ್ರೀನ್‌ಕ್ಯಾಸಲ್‌ಗೆ ಸಾಗಿಸಿದರು. ಆರೂ ಮಕ್ಕಳು ಕಾಲೇಜು ಕಂಡರು.

ಮೊದಲಿಗರಾಗಿ ಪಾಸಾದರೂ ಮುಂದಿನ ಓದಿಗೆ ಕರೆ ಬರಲಿಲ್ಲ. ಜೊತೆಯವರಿಗೆ ಒಬ್ಬೊಬ್ಬರಿಗೇ ಫೆಲೋಶಿಪ್ ಬಂತು, ಇವರಿಗೆ ಇಲ್ಲ. ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಪಾಠ ಹೇಳಿದರು. ಆಮೇಲೆ ಹಾರ್ವರ್ಡ್‌ನಲ್ಲಿ ಅವಕಾಶ ಸಿಕ್ಕಿ 1923ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆದರೆ ಕಪ್ಪು ಮನುಷ್ಯ ಪಾಠ ಮಾಡಿದರೆ ಬಿಳಿಯ ವಿದ್ಯಾರ್ಥಿಗಳು ಒಪ್ಪಲಾರರು ಎಂಬ ಕಾರಣಕ್ಕೆ ಅಲ್ಲಿ ಬೋಧನಾ ಸಹಾಯಕನ ಕೆಲಸ ಕೊಡಲಿಲ್ಲ, ಡಾಕ್ಟರೇಟು ಕೈತಪ್ಪಿತು. 1929ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಆಸ್ಟ್ರಿಯದ ವಿಯೆನ್ನಾಕ್ಕೆ ಹೋಗಿ, ಅರ್ನ್ಸ್ಟ್ ಶ್ಪೇಟ್ ಎಂಬ ಗುರುಗಳ ಬಳಿ ಗಿಡಮೂಲಿಕೆಗಳ ಆಲ್ಕಲಾಯ್ಡ್‌ಗಳ ಮೇಲೆ ಕೆಲಸ ಮಾಡಿ 1931ರಲ್ಲಿ ಡಾಕ್ಟರೇಟ್ ಪಡೆದರು. ಮೊದಲ ಪದವಿಗೂ ಡಾಕ್ಟರೇಟಿಗೂ ನಡುವೆ ಹನ್ನೊಂದು ವರ್ಷ.

ಇದನ್ನು ಓದುವಾಗ ಅಮೆರಿಕದವರ ಕಡೆಗೆ ಮಾತ್ರ ಬೆರಳು ತೋರಿಸಲು ನನಗೆ ಮನಸ್ಸಾಗಲಿಲ್ಲ. ನಮ್ಮ ನಾಡಿನಲ್ಲೂ ಕೇರಿ ನೋಡಿ ಮಕ್ಕಳನ್ನು ಶಾಲೆಯ ಹೊರಗೆ ಕೂರಿಸಿದ ಕಾಲ ಇತ್ತು. ಅದನ್ನು ಅನುಭವಿಸಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಎಲ್ಲ ಕೇರಿಯ ಮಕ್ಕಳೂ ಒಂದೇ ಬೆಂಚಿನ ಮೇಲೆ ಕೂರುವ ಸರ್ಕಾರಿ ಹೈಸ್ಕೂಲಿನ ಬೆಲೆ ಏನೆಂದು ಪರ್ಸಿಯ ಕಥೆಯಿಂದ ನನಗೆ ಹೊಸದಾಗಿ ತಿಳಿಯಿತು.

ಜೂಲಿಯನ್ ತಪ್ಪೇ ಮಾಡದ ಮಹಾತ್ಮರೇನೂ ಅಲ್ಲ. ವಿಯೆನ್ನಾದಿಂದ ಬಂದು ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿದ್ದಾಗ, ಸಹೋದ್ಯೋಗಿಗಳ ಬಗ್ಗೆ ಅವರು ಬರೆದಿದ್ದ ಖಾಸಗಿ ಪತ್ರಗಳು ಪತ್ರಿಕೆಯಲ್ಲಿ ಅಚ್ಚಾಗಿ ದೊಡ್ಡ ರಗಳೆಯಾಯಿತು. 1932ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಆಗ ಕೈ ಹಿಡಿದವರು ಡಿಪಾದ ಅವರ ಹಳೆಯ ಮೇಷ್ಟ್ರು ವಿಲಿಯಂ ಬ್ಲಾಂಚರ್ಡ್. ಓದಿದ ಕಾಲೇಜಿಗೇ ಸಂಶೋಧಕರಾಗಿ ಮರಳಿದರು. ಜೊತೆಗೆ ವಿಯೆನ್ನಾದ ಗೆಳೆಯ ಯೋಸೆಫ್ ಪಿಕ್ಲ್ ಇದ್ದರು. ಅಲ್ಲಿ ಅವರು ಕೈಗೆತ್ತಿಕೊಂಡದ್ದು ಕ್ಯಾಲಬಾರ್ ಕಾಳಿನ ಸತ್ವ.

ಈ ಕಾಳು ಇಂದಿನ ನೈಜೀರಿಯಾದ ಕ್ಯಾಲಬಾರ್ ಸೀಮೆಯದು. ಬಳ್ಳಿಯಲ್ಲಿ ಬಿಡುತ್ತದೆ, ನಮ್ಮ ಅವರೆ, ಅಲಸಂದೆಯ ದೂರದ ನೆಂಟ. ಆದರೆ ಕಡು ವಿಷ. ಆ ಸೀಮೆಯಲ್ಲಿ ಅಪರಾಧ ಹೊತ್ತವರಿಗೆ ಇದನ್ನು ಕುಡಿಸಿ, ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ ಎಂದು ತೀರ್ಪು ಕೊಡುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಕಾಳು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ತಲುಪಿತು. ಅಲ್ಲಿನ ಕಣ್ಣಿನ ವೈದ್ಯ ಆರ್ಗೈಲ್ ರಾಬರ್ಟ್‌ಸನ್ ಇದರ ಸತ್ವ ಹಾಕಿದರೆ ಕಣ್ಣಪಾಪೆ ಕಿರಿದಾಗುತ್ತದೆ ಎಂಬುದನ್ನು 1863ರಲ್ಲಿ ತೋರಿಸಿದರು. ಮರುವರ್ಷ ಜರ್ಮನಿಯಲ್ಲಿ ಇದರ ಮೂಲವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಫೈಸೊಸ್ಟಿಗ್ಮಿನ್ ಎಂದು ಹೆಸರಾಯಿತು. 1876ರಲ್ಲಿ ಲುಡ್ವಿಗ್ ಲಾಕರ್ ಎಂಬ ವೈದ್ಯ ಅದನ್ನು ಗ್ಲಾಕೋಮಾ ರೋಗಕ್ಕೆ ಬಳಸಿದರು. ಸ್ವತಃ ಅವರಿಗೇ ಗ್ಲಾಕೋಮಾ ಇತ್ತು.

ಇದು ಕೆಲಸ ಮಾಡುವ ಬಗೆಯನ್ನು ನಮ್ಮೂರಿನವರಿಗೆ ಹೇಳಲು ಸೂಳೆಕೆರೆಗಿಂತ ಒಳ್ಳೆಯ ಉದಾಹರಣೆ ಬೇಡ. ಕೆರೆಗೆ ಒಂದು ಕಡೆಯಿಂದ ನೀರು ಬರುತ್ತದೆ, ಸಿದ್ಧ ತೂಬು, ಬಸವ ತೂಬುಗಳಿಂದ ಹೊರಗೆ ಹೋಗುತ್ತದೆ. ಕಣ್ಣಿನ ಮುಂಭಾಗದಲ್ಲೂ ತಿಳಿಯಾದ ದ್ರವವೊಂದು ಸದಾ ಹುಟ್ಟುತ್ತ, ಕರಿಗುಡ್ಡೆಯ ಅಂಚಿನಲ್ಲಿರುವ ಜಾಲರಿಯಂಥ ತೂಬಿನಿಂದ ಹೊರಹೋಗುತ್ತ ಇರುತ್ತದೆ. ತೂಬು ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಹಿಂದಿನ ನರ ನಿಧಾನವಾಗಿ ಸಾಯುತ್ತದೆ. ಬಹಳ ಮಂದಿಗೆ ನೋವೇ ಇರುವುದಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನದು ಕೊನೆಗೆ. ಅಜ್ಜಿ ಅಕ್ಕಿ ಆರಿಸುತ್ತಲೇ ಬಾಗಿಲಿಗೆ ತಾಗುತ್ತಿದ್ದುದು ಇದಕ್ಕೇ. ಫೈಸೊಸ್ಟಿಗ್ಮಿನ್ ಕಣ್ಣಿನೊಳಗಿನ ಸಣ್ಣ ಸ್ನಾಯುಗಳನ್ನು ಬಿಗಿಯುತ್ತದೆ. ಪಾಪೆ ಕಿರಿದಾಗುತ್ತದೆ, ಜಾಲರಿ ಹಿಗ್ಗಿ ತೂಬು ತೆರೆಯುತ್ತದೆ.

ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ಅಸೆಟೈಲ್‌ಕೋಲಿನ್ ಎಂಬ ವಸ್ತುವನ್ನು, ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಒಡೆದುಹಾಕುತ್ತದೆ. ಫೈಸೊಸ್ಟಿಗ್ಮಿನ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ನಾವು ಹೊಲಕ್ಕೆ ಹೊಡೆಯುವ ಆರ್ಗ್ಯಾನೋಫಾಸ್ಫೇಟ್ ಕೀಟನಾಶಕಗಳೂ ಮಾಡುವುದು ಇದನ್ನೇ. ಅದಕ್ಕೇ ಆ ವಿಷ ಮೈಗೇರಿದವರ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಆಸ್ಪತ್ರೆಯಲ್ಲಿ ಮೊದಲು ಟಾರ್ಚು ಹಾಕಿ ಕಣ್ಣು ನೋಡುತ್ತಾರೆ. ಬೇಲಿಯಲ್ಲಿ ಬೆಳೆಯುವ ಉಮ್ಮತ್ತಿಯದು ಇದಕ್ಕೆ ವಿರುದ್ಧ ಗುಣ, ಪಾಪೆ ಅರಳಿಸುತ್ತದೆ. ನಮ್ಮ ತೋಟದ ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ಪಾಪೆ ಕಿರಿದಾಗಿಸುವ ಗುಂಪಿನದೇ. ಹಾಗೆಂದು ಎಲೆಅಡಿಕೆ ಹಾಕಿಕೊಂಡರೆ ಕಣ್ಣಿಗೆ ಒಳ್ಳೆಯದು ಎಂದು ಯಾರೂ ಹೊರಡಬೇಡಿ. ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ದಾರಿ ಎಂಬುದು ರುಜುವಾತಾದ ಮಾತು, ಅಡಿಕೆ ಬೆಳೆಗಾರರ ಮನೆಯವನಾಗಿಯೂ ಇದನ್ನು ಹೇಳಲೇಬೇಕು.

ಫೈಸೊಸ್ಟಿಗ್ಮಿನ್‌ನ ರಚನೆ ಹೀಗಿರಬೇಕು ಎಂದು 1925ರಲ್ಲೇ ವಿಜ್ಞಾನಿಗಳು ಹೇಳಿದ್ದರು. ಆದರೆ ಸರಳ ವಸ್ತುಗಳಿಂದ ಹಂತಹಂತವಾಗಿ ಅದನ್ನು ಕಟ್ಟಿ ತೋರಿಸುವ ತನಕ ಆ ಮಾತು ಪಕ್ಕಾ ಆಗುವುದಿಲ್ಲ. ಈ ಓಟದಲ್ಲಿ ಮುಂದಿದ್ದವರು ಆಕ್ಸ್‌ಫರ್ಡಿನ ರಾಬರ್ಟ್ ರಾಬಿನ್‌ಸನ್, ಮುಂದೆ 1947ರಲ್ಲಿ ನೊಬೆಲ್ ಪಡೆದವರು. ಕೊನೆಯ ಮೆಟ್ಟಿಲಿಗೆ ಹತ್ತಿರದ ವಸ್ತುವೊಂದನ್ನು ತಯಾರಿಸಿದ್ದೇವೆ ಎಂದು ಅವರ ತಂಡ ಪ್ರಕಟಿಸಿತು. ಜೂಲಿಯನ್ ಮತ್ತು ಪಿಕ್ಲ್ ತಯಾರಿಸಿದ್ದ ಅದೇ ವಸ್ತುವಿನ ಗುಣಗಳು ಅದಕ್ಕೆ ತಾಳೆಯಾಗಲಿಲ್ಲ. ಹಾಗಾದರೆ ಇಬ್ಬರಲ್ಲಿ ಒಬ್ಬರದು ತಪ್ಪು.

ಸಣ್ಣ ಊರಿನ ಕಾಲೇಜಿನಲ್ಲಿ, ಕಾಯಂ ಹುದ್ದೆಯೂ ಇಲ್ಲದ ಕಪ್ಪು ಮನುಷ್ಯನೊಬ್ಬ, ಜಗತ್ತಿನ ದೊಡ್ಡ ರಸಾಯನ ವಿಜ್ಞಾನಿಯದು ತಪ್ಪು ಎಂದು ಅಚ್ಚು ಹಾಕಿಸುವುದೆಂದರೆ ಏನು ಎಂದು ಯೋಚಿಸಿ. ತಮ್ಮದೇ ತಪ್ಪಾಗಿದ್ದರೆ ಅಲ್ಲಿಗೆ ಬದುಕು ಮುಗಿದಂತೆ. ಜೂಲಿಯನ್ ಹಾಗೆಯೇ ಬರೆದರು. ಆಮೇಲೆ ಉಳಿದ ಹಂತಗಳನ್ನು ಮುಗಿಸಿ, ಕಾಳಿನಿಂದ ತೆಗೆದ ವಸ್ತುವನ್ನೂ ತಾವು ಕಟ್ಟಿದ ವಸ್ತುವನ್ನೂ ಕರಗುವ ಶಾಖಕ್ಕೆ ಹಿಡಿದು ನೋಡಿದರು. ಎರಡೂ ಒಂದೇ ಕಡೆ ಕರಗಿದವು. 1935ರಲ್ಲಿ ಪ್ರಕಟವಾದ ಆ ಕೆಲಸ ಇಂದಿಗೂ ರಸಾಯನ ಶಾಸ್ತ್ರದ ಹೆಗ್ಗುರುತು. 1999ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳ ಸಂಘ ಡಿಪಾದಲ್ಲಿ ಅದಕ್ಕೊಂದು ಸ್ಮಾರಕ ಫಲಕ ಹಾಕಿತು. ನಾವು ಸಾಫ್ಟ್‌ವೇರಿನಲ್ಲಿ ನಮಗಿಂತ ದೊಡ್ಡವರು ಬರೆದ ಕೋಡಿನಲ್ಲಿ ದೋಷ ಕಂಡಾಗ ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತೇವೆ. ಈಗ ಅಂಥ ಹೊತ್ತಿನಲ್ಲಿ ನನಗೆ ಆ ಕರಗುವ ಶಾಖದ ಪರೀಕ್ಷೆ ನೆನಪಾಗುತ್ತದೆ.

ಇಷ್ಟಾದ ಮೇಲೂ ಡಿಪಾದ ಆಡಳಿತ ಮಂಡಳಿ ಅವರಿಗೆ ಪ್ರಾಧ್ಯಾಪಕ ಹುದ್ದೆ ಕೊಡಲಿಲ್ಲ. ವಿಸ್ಕಾನ್ಸಿನ್ ರಾಜ್ಯದ ಆ್ಯಪಲ್ಟನ್‌ನಲ್ಲಿ ಒಂದು ಸಂಶೋಧನಾ ಸಂಸ್ಥೆ ಕೆಲಸ ಕೊಡಲು ಮುಂದಾಯಿತು. ಆದರೆ ಆ ಊರಿನಲ್ಲಿ ಕಪ್ಪು ಜನ ರಾತ್ರಿ ತಂಗುವಂತಿರಲಿಲ್ಲ. ಕಡೆಗೆ 1936ರಲ್ಲಿ ಷಿಕಾಗೋದ ಗ್ಲಿಡನ್ ಕಂಪನಿ ತನ್ನ ಸೋಯಾ ವಿಭಾಗದ ಸಂಶೋಧನಾ ನಿರ್ದೇಶಕರನ್ನಾಗಿ ಕರೆಯಿತು. ಸೋಯಾ ಅವರೆಯ ಪ್ರೋಟೀನಿನಿಂದ ಬೆಂಕಿ ಆರಿಸುವ ನೊರೆಯೊಂದು ತಯಾರಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಅದನ್ನು ಬಳಸಿ ಎಷ್ಟೋ ನಾವಿಕರ ಜೀವ ಉಳಿಸಿತು. ಒಮ್ಮೆ ಸೋಯಾ ಎಣ್ಣೆಯ ದೊಡ್ಡ ತೊಟ್ಟಿಗೆ ನೀರು ಸೋರಿ, ತಳದಲ್ಲಿ ಬಿಳಿಯ ಗಸಿ ಕಟ್ಟಿತು. ಬೇರೆಯವರಾದರೆ ಎಣ್ಣೆ ಕೆಟ್ಟಿತೆಂದು ಚೆಲ್ಲುತ್ತಿದ್ದರು. ಕ್ಯಾಲಬಾರ್ ಕಾಳಿನ ಎಣ್ಣೆಯಲ್ಲಿ ಅಂಥದೇ ಹರಳನ್ನು ಹಿಂದೆ ಕಂಡಿದ್ದ ಜೂಲಿಯನ್‌ಗೆ ಅದು ಸ್ಟಿಗ್ಮಾಸ್ಟೆರಾಲ್ ಎಂದು ಗೊತ್ತಾಯಿತು. ಅದರಿಂದ ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನನ್ನು ಹೇರಳವಾಗಿ ತಯಾರಿಸಿದರು. 1949ರ ನಂತರ, ಸಂಧಿವಾತಕ್ಕೆ ಕಾರ್ಟಿಸೋನ್ ರಾಮಬಾಣವೆಂದು ಜಗತ್ತು ಕಾಯುತ್ತಿದ್ದಾಗ, ಆ ಗುಂಪಿನ ಸ್ಟೀರಾಯ್ಡ್‌ಗಳನ್ನು ಅಗ್ಗವಾಗಿ ತಯಾರಿಸುವ ದಾರಿಯನ್ನೂ ತೋರಿಸಿದರು.

ನನ್ನ ಕಣ್ಣಿನ ಬಾಟಲಿಯಲ್ಲಿದ್ದದ್ದು ಇದೇ ಮನೆತನದ ವಸ್ತು. ವೈದ್ಯರ ಕೈಯಲ್ಲಿ ಅದು ಕಣ್ಣು ಉಳಿಸುತ್ತದೆ. ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಅದೇ ಕಣ್ಣಿನ ತೂಬನ್ನು ಕಟ್ಟಿ ಒತ್ತಡ ಏರಿಸುತ್ತದೆ. ವಸ್ತುವಿನದು ತಪ್ಪಲ್ಲ, ಚೀಟಿಯಿಲ್ಲದೆ ಕೊಂಡ ನನ್ನದು ತಪ್ಪು.

1950ರಲ್ಲಿ ಷಿಕಾಗೋದ ಪತ್ರಿಕೆಯೊಂದು ಜೂಲಿಯನ್‌ರನ್ನು ವರ್ಷದ ನಾಗರಿಕ ಎಂದು ಗೌರವಿಸಿತು. ಅದೇ ವರ್ಷ ಅವರು ಓಕ್ ಪಾರ್ಕ್ ಎಂಬ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡರು. ಒಳಗೆ ಕಾಲಿಡುವ ಮೊದಲೇ ಮನೆಗೆ ಬೆಂಕಿ ಹಚ್ಚಲು ನೋಡಿದರು. ಮರುವರ್ಷ ಡೈನಮೈಟ್ ಎಸೆದರು. ಹೆಂಡತಿ ಆನ್ನಾ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ವಿದುಷಿ; ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಜೂಲಿಯನ್ ರಾತ್ರಿ ಬಂದೂಕು ಹಿಡಿದು ಮಗನ ಜೊತೆ ಅಂಗಳದಲ್ಲಿ ಕಾವಲು ಕೂತರು. ಊರು ಬಿಡಲಿಲ್ಲ. ಆಮೇಲೆ ಸ್ವಂತ ಕಂಪನಿ ಕಟ್ಟಿ, ಬೇರೆ ಕಡೆ ಕೆಲಸ ಸಿಗದ ಅನೇಕ ಕಪ್ಪು ಜನಾಂಗದ ರಸಾಯನ ವಿಜ್ಞಾನಿಗಳಿಗೆ ಕೆಲಸ ಕೊಟ್ಟರು. 1961ರಲ್ಲಿ ಅದನ್ನು 20 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಿದರು. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1975ರ ಏಪ್ರಿಲ್ 19ರಂದು ತೀರಿಕೊಂಡರು. 1993ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿ ಬಂತು. ಬೆಂಕಿ ಹಚ್ಚಲು ಬಂದ ಅದೇ ಓಕ್ ಪಾರ್ಕಿನಲ್ಲಿ ಇಂದು ಒಂದು ಶಾಲೆಗೆ ಅವರ ಹೆಸರಿದೆ. ಷಿಕಾಗೋದಲ್ಲಿ ಒಂದು ಹೈಸ್ಕೂಲಿಗೂ ಅವರ ಹೆಸರೇ. ಹೈಸ್ಕೂಲು ಸಿಗದ ಹುಡುಗನ ಹೆಸರು ಕೊನೆಗೆ ಹೈಸ್ಕೂಲಿನ ಬಾಗಿಲ ಮೇಲೆಯೇ ಬಂತು.

ಫೈಸೊಸ್ಟಿಗ್ಮಿನ್ ಹನಿಯನ್ನು ಈಗ ವೈದ್ಯರು ಗ್ಲಾಕೋಮಾಕ್ಕೆ ಬಳಸುವುದು ಅಪರೂಪ. ದ್ರವ ಹುಟ್ಟುವುದನ್ನೇ ತಗ್ಗಿಸುವ ಟಿಮೊಲಾಲ್ 1970ರ ದಶಕದಲ್ಲಿ ಬಂತು. ಇನ್ನೊಂದು ತೂಬಿನಿಂದ ದ್ರವ ಹರಿಸುವ ಲ್ಯಾಟನೊಪ್ರೋಸ್ಟ್ 1990ರ ದಶಕದಲ್ಲಿ ಬಂತು. ದಿನಕ್ಕೆ ಒಂದೇ ಹನಿ ಸಾಕು. ಔಷಧಗಳು ಬದಲಾದವು, ಆದರೆ ಒತ್ತಡವನ್ನು ಮೊದಲು ಅಳೆಯಬೇಕು ಎಂಬ ಮಾತು ಬದಲಾಗಿಲ್ಲ. ಪೊರೆಯಿಂದ ಹೋದ ಕಣ್ಣು ಆಪರೇಷನ್ನಿನಿಂದ ಬರುತ್ತದೆ. ಒತ್ತಡದಿಂದ ಹೋದ ಕಣ್ಣು ಬರುವುದಿಲ್ಲ. ನಲವತ್ತು ದಾಟಿದವರು, ಮನೆಯಲ್ಲಿ ಗ್ಲಾಕೋಮಾ ಇದ್ದವರು, ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ಬಳಸುವವರು ದಯವಿಟ್ಟು ಒಮ್ಮೆ ಒತ್ತಡ ನೋಡಿಸಿಕೊಳ್ಳಿ. ಹನಿ ಔಷಧ ಬರೆದುಕೊಟ್ಟರೆ, ನೋವಿಲ್ಲವೆಂದು ನಡುವೆ ಬಿಡಬೇಡಿ.

ಸುವರ್ಣ ಮಹೋತ್ಸವದ ದಿನ ಶಾಲೆಯ ಒಂದು ಕೊಠಡಿಯಲ್ಲಿ ಊರಿನವರಿಗೆ ಕಣ್ಣಿನ ಒತ್ತಡದ ತಪಾಸಣೆ ಇಡಬೇಕೆಂದು ಸಮಿತಿಯವರನ್ನು ಕೇಳಿದ್ದೇನೆ. ಖರ್ಚು ನನ್ನದು. ನಾನು ಒಂಬತ್ತನೇ ತರಗತಿಯಲ್ಲಿ ಕೂತಿದ್ದ ಕೊಠಡಿಯೇ ಸಿಕ್ಕರೆ ಸಂತೋಷ. ಆ ವರ್ಷ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಹೇಳಿದ್ದರು. ನಾನು ಎಲ್ಲ ಭಾಗಗಳನ್ನೂ ಸರಿಯಾಗಿ ಗುರುತಿಸಿ ಪೂರ್ತಿ ಅಂಕ ಪಡೆದೆ. ಅದೇ ಸಂಜೆ ಮನೆಯಲ್ಲಿ ಅಜ್ಜಿ ಬಾಗಿಲಿಗೆ ತಾಗಿದಾಗ ಅದಕ್ಕೂ ಇದಕ್ಕೂ ಸಂಬಂಧ ಇದೆಯೆಂದು ನನಗೆ ಹೊಳೆಯಲಿಲ್ಲ. ಈಗ ಆ ಬೆಂಚುಗಳಲ್ಲಿ ಕೂತಿರುವ ತಮ್ಮ, ತಂಗಿಯರಿಗೆ ನನ್ನದು ಒಂದೇ ಮಾತು: ಪುಸ್ತಕದಲ್ಲಿ ಗುರುತಿಸಿದ್ದನ್ನು ಮನೆಗೆ ಹೋಗಿ ಅಜ್ಜಿಯ ಕಣ್ಣಿನಲ್ಲೂ ಒಮ್ಮೆ ನೋಡಿ.